ಸುರಂಗದ ಅಜ್ಜನಿಗೂ ಸಿಗುವ ಹಾಗೆ ಸಂಶೋಧನಾ ಲೇಖನ ಪ್ರಕಟಿಸುವುದು ಹೇಗೆ

ಕಾಸರಗೋಡು ಜಿಲ್ಲೆಯ ಬಾಯಾರಿನ ಹತ್ತಿರ ಒಂದು ಗುಡ್ಡದ ಬುಡದಲ್ಲಿ ಒಬ್ಬರು ಅಜ್ಜ ಇದ್ದಾರೆ. ಪ್ರಾಯದಲ್ಲಿ ನೀರಿಗಾಗಿ ಗುಡ್ಡದಲ್ಲಿ ಸುರಂಗ ಕೊರೆಯುವುದೇ ಅವರ ಕೆಲಸ. ಪಿಎಚ್‌ಡಿಗಾಗಿ ಎರಡು ಬೇಸಗೆ ನಾನು ಅವರ ಹಿಂದೆಯೇ ತಿರುಗಿದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದ, ಒಂದು ಆಳು ಮಾತ್ರ ನುಗ್ಗುವಷ್ಟು ಅಗಲದ ದಾರಿ, ಕೈಯಲ್ಲಿ ಉರಿಯುವ ಮೊಂಬತ್ತಿ, ಅದರ ಕುಡಿ ಸಣ್ಣಗಾಯಿತೋ ಒಳಗೆ ಗಾಳಿ ಸಾಲದು ಅಂತ ಅರ್ಥ, ಆಗ ಮಾತಾಡದೆ ಹಿಂದೆ ಬರಬೇಕು. ಉದ್ದ ಎಲ್ಲ ಕೋಲಿನ ಲೆಕ್ಕದಲ್ಲಿ. ಒಸರು ಸಿಕ್ಕಿದ ಮೇಲೆ ಅಡಿಕೆ ಮರದ ದಂಬೆ ಇಟ್ಟು ನೀರನ್ನು ಕೆರೆಗೆ ಇಳಿಸುವುದು ಹೇಗೆ, ಕುಸಿಯುವ ಮಣ್ಣು ಮೊದಲೇ ಗೊತ್ತಾಗುವುದು ಹೇಗೆ, ಎಲ್ಲವನ್ನೂ ಅವರು ಕೂತು ಹೇಳಿಕೊಟ್ಟರು. ನಾನು ಬರೆದುಕೊಂಡೆ, ಅಳತೆ ತೆಗೆದೆ, ನಕ್ಷೆ ಮಾಡಿದೆ. ಒಂದು ಒಳ್ಳೆಯ ವಿದೇಶಿ ಜರ್ನಲಿನಲ್ಲಿ ಲೇಖನ ಬಂತು.

ಸುದ್ದಿ ಹೇಳಲು ಹೋದೆ. ಡಿಗ್ರಿ ಓದುವ ಮೊಮ್ಮಗ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಲಿಂಕ್ ಒತ್ತಿದ. ತಲೆಬರಹ ಬಂತು, ಕೆಳಗೆ ಏಳೆಂಟು ಸಾಲಿನ ಸಾರಾಂಶ ಬಂತು, ಅದರ ಕೆಳಗೆ ಡಾಲರಿನಲ್ಲಿ ಒಂದು ಬೆಲೆ. ಲೆಕ್ಕ ಹಾಕಿದರೆ ಮೂರು ಸಾವಿರ ರೂಪಾಯಿ ಹತ್ತಿರ. "ಮಾಷ್ಟ್ರೇ, ಇದು ದುಡ್ಡು ಕೇಳ್ತದೆ" ಅಂದ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೇಳಿದ್ದನ್ನು ಓದಲಿಕ್ಕೆ ನನ್ನತ್ರವೇ ದುಡ್ಡಾ?" ಅಂತ ಕೇಳಿದರು. ಅವರು ಬೈದದ್ದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದಿನದಿಂದ ಈ ವಿಷಯ ನನಗೆ ಬಿಟ್ಟಿಲ್ಲ. ನಮ್ಮ ಜಿಲ್ಲೆಯಲ್ಲಿ ಸಂಶೋಧನೆ ಮಾಡುವವರು ಸಾಕಷ್ಟು ಜನ ಇದ್ದಾರೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಉಂಟು, ಕಾಸರಗೋಡಿನ ಸರಕಾರಿ ಕಾಲೇಜು ಉಂಟು, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಉಂಟು. ಯಕ್ಷಗಾನ, ಭೂತಾರಾಧನೆ, ಕಾಸರಗೋಡು ಗಿಡ್ಡ ದನ, ಅಡಿಕೆಯ ಎಲೆಚುಕ್ಕಿ ರೋಗ, ಏನೆಲ್ಲ ವಿಷಯಗಳು! ಆದರೆ ಬರೆದದ್ದು ಊರಿಗೆ ಬರುವುದು ಕಡಿಮೆ. ಯಾಕೆ ಬರುವುದಿಲ್ಲ, ಬರುವ ಹಾಗೆ ಮಾಡಲು ಏನು ಮಾಡಬೇಕು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಪಿಎಚ್‌ಡಿ ಮಾಡುತ್ತಿರುವವರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಮಾಷ್ಟ್ರುಗಳಿಗೆ ಇದು ಜಾಸ್ತಿ ಉಪಯೋಗವಾದೀತು.

ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಇದನ್ನು ಯಾರು ಓದಬೇಕು?

ಜರ್ನಲ್ ಹುಡುಕುವುದಕ್ಕೂ ಮೊದಲು ಈ ಕೆಲಸ ಮಾಡಿ. ಹೆಸರುಗಳನ್ನೇ ಬರೆಯಿರಿ. ಜರ್ಮನಿಯಲ್ಲಿ ಇದೇ ವಿಷಯ ನೋಡುವ ನಾಲ್ಕು ಜನ, ಮಂಗಳೂರಿನ ಒಬ್ಬ ಪತ್ರಕರ್ತೆ, ಎಣ್ಮಕಜೆಯ ಪಂಚಾಯತ್ ಸದಸ್ಯ, ಕೃಷಿ ಭವನದ ಅಧಿಕಾರಿ, ಹೈಸ್ಕೂಲಿನ ವಿಜ್ಞಾನ ಟೀಚರು. ಬರೆದು ಮುಗಿದ ಮೇಲೆ, ಇವರಲ್ಲಿ ಎಷ್ಟು ಜನರಿಗೆ, ಬೀಗ ಹಾಕಿದ ಜರ್ನಲನ್ನು ಕೈಯಿಂದ ದುಡ್ಡು ಕೊಡದೆ ಓದಲು ಬೇಕಾದ ವಿಶ್ವವಿದ್ಯಾಲಯದ ಲಾಗಿನ್ ಇದೆ ಅಂತ ಗುರುತು ಹಾಕಿ. ನನ್ನ ಚೀಟಿಯಲ್ಲಿ ಹನ್ನೊಂದು ಹೆಸರಿತ್ತು, ಲಾಗಿನ್ ಇದ್ದದ್ದು ನಾಲ್ವರಿಗೆ ಮಾತ್ರ.

"ಈಗ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್ ಬಂದಿದೆಯಲ್ಲ, ಇನ್ನೇನು ಸಮಸ್ಯೆ?" ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಕೇಂದ್ರ ಸರಕಾರವೇ ಪ್ರಕಾಶಕರಿಗೆ ಚಂದಾ ಕಟ್ಟಿ ಸಂಸ್ಥೆಗಳಿಗೆ ಜರ್ನಲ್ ಓದಲು ಕೊಡುವುದು ಅದು, ಒಳ್ಳೆಯ ಯೋಜನೆಯೇ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿತು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್, 6,300ಕ್ಕೂ ಜಾಸ್ತಿ ಸರಕಾರಿ ಸಂಸ್ಥೆಗಳು. ನನಗೇ ಅದರಿಂದ ತುಂಬ ಅನುಕೂಲವಾಗಿದೆ. ಆದರೆ ಅದು ಸಂಸ್ಥೆಯ ಒಳಗೆ ಇರುವವರಿಗೆ. ಅಜ್ಜನ ಮೊಮ್ಮಗ ಓದುವುದು ಖಾಸಗಿ ಕಾಲೇಜಿನಲ್ಲಿ. ಪತ್ರಕರ್ತೆಗೆ, ಪಂಚಾಯತ್ ಸದಸ್ಯನಿಗೆ ಅಲ್ಲಿ ಜಾಗ ಇಲ್ಲ. ಹಾಗಾಗಿ ಅದು ಓದುವ ನಮ್ಮ ಕಷ್ಟ ಕಡಿಮೆ ಮಾಡಿತು, ನಾವು ಬರೆದದ್ದು ಹೊರಗೆ ಹೋಗುವ ಕಷ್ಟ ಹಾಗೆಯೇ ಉಳಿಯಿತು.

ಓದುಗ ಯಾರು ಅನ್ನುವುದು ಯಾಕೆ ಇಷ್ಟು ಮುಖ್ಯ ಅಂತ ಕೇಳಿದರೆ ನಾನು ಎಂಡೋಸಲ್ಫಾನಿನ ಕಥೆ ಹೇಳುತ್ತೇನೆ. ನಮ್ಮ ಜಿಲ್ಲೆಯ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದರು, ಅದು ಇಲ್ಲಿ ಎಲ್ಲರಿಗೂ ಗೊತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗೇರು ತೋಟದ ಬುಡದ ಹಳ್ಳಿಯ 117 ಶಾಲಾ ಹುಡುಗರನ್ನೂ, ವಿಷ ಬೀಳದ ಜಾಗದ 90 ಹುಡುಗರನ್ನೂ ಹೋಲಿಸಿ ಬರೆದ ಲೇಖನ 2003ರಲ್ಲಿ ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್ ಎಂಬ ಅಮೆರಿಕದ ಜರ್ನಲಿನಲ್ಲಿ ಬಂತು. ಆ ಜರ್ನಲನ್ನು ನಡೆಸುತ್ತಿದ್ದದ್ದು ಅಲ್ಲಿನ ಸರಕಾರಿ ಸಂಸ್ಥೆ. ಆ ಲೇಖನವನ್ನು ಯಾರು ಬೇಕಾದರೂ ಒಂದು ಪೈಸೆ ಕೊಡದೆ ಪೂರ್ತಿ ಓದಬಹುದು. ಪಡ್ರೆಯಲ್ಲಿ ಕೂತ ಡಾಕ್ಟರೂ ಓದಬಹುದು, ವಕೀಲರೂ ಓದಬಹುದು, ಅದನ್ನು ಒಪ್ಪದೆ ವಾದ ಮಾಡುವವರೂ ಓದಬಹುದು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆದದ್ದು ಒಂದೇ ಲೇಖನದಿಂದ ಅಂತ ನಾನು ಹೇಳುವುದಿಲ್ಲ, ಅದರ ಹಿಂದೆ ಊರಿನ ಎಷ್ಟೋ ಜನರ ವರ್ಷಗಟ್ಟಲೆ ಹೋರಾಟ ಇದೆ. ಆದರೆ ತಮ್ಮ ಮಕ್ಕಳ ಬಗ್ಗೆ ಬರೆದದ್ದನ್ನು ಊರಿನವರೇ ಓದುವ ಹಾಗಿತ್ತು ಅನ್ನುವುದು ಸಣ್ಣ ಮಾತಲ್ಲ, ಅಲ್ವಾ?

ಹಾಗಾದರೆ ನಮ್ಮನ್ನು ತಡೆಯುವುದು ಯಾವುದು?

ನಾನು ಹತ್ತಾರು ಜನರ ಹತ್ತಿರ ಇದನ್ನು ಕೇಳಿದ್ದೇನೆ. ಮುಕ್ತವಾಗಿ ಪ್ರಕಟಿಸುವುದು ಕೆಟ್ಟದ್ದು ಅಂತ ಒಬ್ಬರೂ ಹೇಳಲಿಲ್ಲ. ತತ್ವ ಎಲ್ಲರಿಗೂ ಒಪ್ಪಿಗೆ. ಕೊನೆಗೆ ತೀರ್ಮಾನ ಮಾಡುವುದು ಬೇರೆಯೇ ಸಂಗತಿಗಳು. ಯಾವುದು ನಿಮ್ಮನ್ನು ಹಿಡಿದಿದೆ ಅಂತ ಗೊತ್ತು ಮಾಡಿಕೊಳ್ಳಿ, ಒಂದೊಂದಕ್ಕೆ ಮದ್ದು ಬೇರೆ ಬೇರೆ.

ಎಲ್ಲಕ್ಕಿಂತ ಮೊದಲು ಪ್ರಮೋಷನ್. ಯುಜಿಸಿಯ 2018ರ ನಿಯಮದ ಕೋಷ್ಟಕದಲ್ಲಿ ಒಂದು ಲೇಖನಕ್ಕೆ ವಿಜ್ಞಾನದವರಿಗೆ 8 ಅಂಕ, ಭಾಷೆ ಮತ್ತು ಸಮಾಜ ವಿಜ್ಞಾನದವರಿಗೆ 10 ಅಂಕ ಅಂತ ಇದೆ, ಜರ್ನಲಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಳತೆ) ಇದ್ದರೆ ಮೇಲಿಂದ ಇನ್ನಷ್ಟು. ಲೇಖನ ತೆರೆದಿದೆಯೋ ಬೀಗ ಹಾಕಿದೆಯೋ ಅನ್ನುವುದಕ್ಕೆ ಆ ಕೋಷ್ಟಕದಲ್ಲಿ ಒಂದು ಅಂಕವೂ ಇಲ್ಲ. ಇದನ್ನು ಎರಡು ರೀತಿ ಓದಬಹುದು. ತೆರೆದಿಟ್ಟರೆ ಲಾಭ ಇಲ್ಲ ಅಂತ ಹೆಚ್ಚಿನವರು ಓದುತ್ತಾರೆ. ತೆರೆದಿಟ್ಟರೆ ನಷ್ಟವೂ ಇಲ್ಲ ಅಂತ ನಾನು ಓದುತ್ತೇನೆ. ಪೀರ್ ರಿವ್ಯೂ, ಅಂದರೆ ಆ ವಿಷಯ ಬಲ್ಲ ಬೇರೆಯವರು ಓದಿ ಪರೀಕ್ಷಿಸುವ ಕ್ರಮ, ಇರುವ ಒಳ್ಳೆಯ ಜರ್ನಲಾದರೆ ಸಾಕು, ಅಂಕ ಅಷ್ಟೇ ಸಿಗುತ್ತದೆ.

ಎರಡನೆಯದು ದುಡ್ಡು. ಓಪನ್ ಆಕ್ಸೆಸ್, ಅಂದರೆ ಎಲ್ಲರೂ ಉಚಿತವಾಗಿ ಓದುವ ಹಾಗೆ ಪ್ರಕಟಿಸುವುದು, ಅಂದ ಕೂಡಲೇ ನಮ್ಮವರ ತಲೆಗೆ ಬರುವುದು ಲೇಖಕರೇ ಕೊಡಬೇಕಾದ ಶುಲ್ಕ, ಎಪಿಸಿ ಅಂತ ಹೇಳುತ್ತಾರೆ. ಅದರಲ್ಲಿ ತಪ್ಪಿಲ್ಲ. ನೇಚರ್ ಪತ್ರಿಕೆ 2020ರ ಕೊನೆಗೆ ಈ ದಾರಿ ತೆರೆದಾಗ ಹೇಳಿದ ದರ 9,500 ಯೂರೋ. ನಮ್ಮ ಕಡೆ ಅಷ್ಟು ದುಡ್ಡಿಗೆ ಒಂದು ಒಳ್ಳೆಯ ಕಾರೇ ಬಂದೀತು. ಆದರೆ ದುಡ್ಡು ಕೊಡುವುದು ಒಂದು ದಾರಿ ಮಾತ್ರ. ಉಳಿದ ದಾರಿಗಳ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಮುಂದೆ ವಿವರವಾಗಿ ಬರೆದಿದ್ದೇನೆ.

ಮೂರನೆಯದು ಗೈಡ್. ಗೈಡ್ ಯಾವ ಜರ್ನಲಿನಲ್ಲಿ ಬರೆಯುತ್ತಾ ಬಂದರೋ ವಿದ್ಯಾರ್ಥಿಯೂ ಅಲ್ಲಿಗೇ ಕಳಿಸುತ್ತಾನೆ. ಇದಕ್ಕೆ ಜಗಳ ಬೇಡ. "ಸರ್, ಇದೇ ಜರ್ನಲಿಗೆ ಕಳಿಸೋಣ, ಒಪ್ಪಿಗೆಯಾದ ಪ್ರತಿಯನ್ನು ನಾನು ರೆಪಾಸಿಟರಿಗೆ ಹಾಕಬಹುದಾ?" ಅಂತ ಕೇಳಿ. ರೆಪಾಸಿಟರಿ ಅಂದರೆ ಲೇಖನಗಳನ್ನು ಎಲ್ಲರಿಗೂ ಓದಲು ಇಡುವ ಆನ್‌ಲೈನ್ ಭಂಡಾರ. ಬೇಡ ಅಂದ ಗೈಡನ್ನು ನಾನು ಇನ್ನೂ ಕಂಡಿಲ್ಲ.

ನಾಲ್ಕನೆಯದು ಹೆದರಿಕೆ. ತೆರೆದ ಜರ್ನಲ್ ಎಲ್ಲ ಕಳ್ಳ ಜರ್ನಲ್ ಅಂತ ಒಂದು ಮಾತು ಹಬ್ಬಿದೆ. ಅದಕ್ಕೂ ಕಾರಣ ಇದೆ, ಆಮೇಲೆ ಬರುತ್ತೇನೆ.

ಇನ್ನು ತೆರೆದಿಡುವ ಕಡೆಗೆ ಎಳೆಯುವ ಸಂಗತಿಗಳೂ ಇವೆ. ಕೆಲವರಿಗೆ ಅದು ಕಟ್ಟುಪಾಡು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) 2013ರಲ್ಲೇ ಮುಕ್ತ ಪ್ರವೇಶದ ನೀತಿ ತಂದಿತು, ಕೇಂದ್ರ ಸರಕಾರದ ವಿಜ್ಞಾನ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ಸೇರಿ 2014ರ ಡಿಸೆಂಬರಿನಲ್ಲಿ ತಂದವು. ಆ ದುಡ್ಡಿನಲ್ಲಿ ಸಂಶೋಧನೆ ಮಾಡಿದವರು ಒಪ್ಪಿಗೆಯಾದ ಪ್ರತಿಯನ್ನು ರೆಪಾಸಿಟರಿಯಲ್ಲಿ ಇಡಬೇಕು. ನಿಮ್ಮ ಪ್ರಾಜೆಕ್ಟಿನ ಆದೇಶ ಪತ್ರ ಒಮ್ಮೆ ತೆಗೆದು ಓದಿ, ಆ ಸಾಲು ಅಲ್ಲಿ ಇದ್ದೀತು. ಇನ್ನು ಕೆಲವರಿಗೆ ಸೈಟೇಷನ್ ಆಸೆ, ಬೇರೆ ಲೇಖಕರು ತಮ್ಮ ಲೇಖನವನ್ನು ಉಲ್ಲೇಖಿಸಬೇಕು ಅಂತ. 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ತೆರೆದ ಲೇಖನಗಳಿಗೆ ನಿರೀಕ್ಷೆಗಿಂತ 18 ಶೇಕಡಾ ಜಾಸ್ತಿ ಉಲ್ಲೇಖ ಸಿಕ್ಕಿದ್ದು ಕಂಡಿತು. ಚೆನ್ನಾಗಿ ಬಂದ ಲೇಖನವನ್ನೇ ಜನ ತೆರೆದಿಡುತ್ತಾರೆ, ಅದಕ್ಕೆ ಉಲ್ಲೇಖ ಜಾಸ್ತಿ ಅನ್ನುವ ವಾದವೂ ಇದೆ, ಹಾಗಾಗಿ ಈ ಒಂದು ಅಂಕಿಯ ಮೇಲೆ ಮನೆ ಕಟ್ಟಬೇಡಿ.

ದುಡ್ಡು ಕೊಡದ ದಾರಿಗಳು

ಮೊದಲನೆಯದು, ಎರಡೂ ಕಡೆ ದುಡ್ಡು ಕೇಳದ ಜರ್ನಲ್. ಓದುವವರೂ ಕೊಡಬೇಕಾಗಿಲ್ಲ, ಬರೆಯುವವರೂ ಕೊಡಬೇಕಾಗಿಲ್ಲ. ಇದಕ್ಕೆ ಡೈಮಂಡ್ ಅಂತ ಹೆಸರು. ವಿಶ್ವವಿದ್ಯಾಲಯ, ವಿದ್ವತ್ ಸಂಘ, ಸರಕಾರ ಹೀಗೆ ಯಾರೋ ಖರ್ಚು ನೋಡಿಕೊಳ್ಳುತ್ತಾರೆ. ಬೆಂಗಳೂರಿನಿಂದ 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಅನ್ನು ಯಾರು ಬೇಕಾದರೂ ಓದಬಹುದು. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳ ಲೇಖನಗಳನ್ನು ತನ್ನ ತಾಣದಲ್ಲಿ ಓದಲು ಇಟ್ಟಿದೆ. ನಿಮ್ಮ ವಿಷಯಕ್ಕೆ ಸರಿಯಾದದ್ದು ಹುಡುಕಲು ಡಿಒಎಜೆ ತಾಣಕ್ಕೆ ಹೋಗಿ. 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ತೆರೆದ ಜರ್ನಲ್‌ಗಳ ಪಟ್ಟಿ ಅದು, ಈಗ 20,000ಕ್ಕೂ ಜಾಸ್ತಿ ಜರ್ನಲ್ ಇವೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಲೇಖಕರಿಂದ ದುಡ್ಡು ಕೇಳುವುದಿಲ್ಲ. ಹುಡುಕುವಾಗ ಶುಲ್ಕ ಇಲ್ಲದವು ಮಾತ್ರ ಅನ್ನುವ ಚೌಕಕ್ಕೆ ಗುರುತು ಹಾಕಿ. ನಾನು ಸುರಂಗಕ್ಕೆ ಹತ್ತಿರದ ನೀರಿನ ವಿಷಯ ಹಾಕಿ ನೋಡಿದಾಗ ಒಂದೇ ಸಂಜೆಯಲ್ಲಿ ಆರು ಜರ್ನಲ್ ಸಿಕ್ಕವು. ಮೊದಲೇ ಗೊತ್ತಿದ್ದರೆ ಆ ಜಗಲಿಯಲ್ಲಿ ತಲೆ ತಗ್ಗಿಸಬೇಕಾಗಿರಲಿಲ್ಲ.

ಎರಡನೆಯದೇ ನನ್ನ ಪ್ರಕಾರ ನಮ್ಮಂಥವರಿಗೆ ಮುಖ್ಯ ದಾರಿ. ಬೇಕಾದ ಜರ್ನಲಿನಲ್ಲೇ ಪ್ರಕಟಿಸಿ, ಅದಕ್ಕೆ ಬೀಗ ಇದ್ದರೂ ಪರವಾಗಿಲ್ಲ. ಆದರೆ ಒಪ್ಪಿಗೆಯಾದ ಪ್ರತಿಯನ್ನು ಹೊರಗೆ ಇಡಿ. ಇದನ್ನು ಗ್ರೀನ್ ದಾರಿ ಅನ್ನುತ್ತಾರೆ. ಒಂದು ಲೇಖನಕ್ಕೆ ಮೂರು ರೂಪ ಇರುತ್ತದೆ, ಇದು ತಲೆಯಲ್ಲಿ ಸ್ಪಷ್ಟ ಇರಲಿ. ನೀವು ಮೊದಲು ಕಳಿಸಿದ್ದು ಒಂದು. ರಿವ್ಯೂ ಮಾಡಿದವರು ಹೇಳಿದ ತಿದ್ದುಪಡಿ ಎಲ್ಲ ಸೇರಿಸಿ, ಸಂಪಾದಕರು ಒಪ್ಪಿದ್ದೇವೆ ಅಂತ ಬರೆದ ದಿನ ನಿಮ್ಮ ಕಂಪ್ಯೂಟರಿನಲ್ಲಿ ಇರುವ ವರ್ಡ್ ಫೈಲು ಎರಡನೆಯದು. ಪ್ರಕಾಶಕರು ಪುಟ ಕಟ್ಟಿ, ಲೋಗೋ ಹಾಕಿ ಕೊಡುವ ಚಂದದ ಪಿಡಿಎಫ್ ಮೂರನೆಯದು. ಮೂರನೆಯದು ಸಾಮಾನ್ಯವಾಗಿ ಅವರದು. ಎರಡನೆಯದನ್ನು ಹೊರಗೆ ಇಡಲು ಹೆಚ್ಚಿನ ದೊಡ್ಡ ಪ್ರಕಾಶಕರು ಬಿಡುತ್ತಾರೆ, ಆದರೆ ಕೆಲವು ತಿಂಗಳು ಕಾಯಬೇಕು ಅನ್ನುತ್ತಾರೆ. ಒಂದು ವರ್ಷ ಅನ್ನುವುದು ಸಾಮಾನ್ಯ. ಯಾವ ಜರ್ನಲ್ ಏನು ಹೇಳುತ್ತದೆ ಅಂತ ನೋಡಲು ಶೆರ್ಪಾ ರೋಮಿಯೋ ಅಂತ ಒಂದು ತಾಣ ಇತ್ತು, ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್. ಜರ್ನಲಿನ ಹೆಸರು ಹಾಕಿದರೆ ಮೂರೂ ರೂಪಗಳಿಗೆ ಬೇರೆ ಬೇರೆ ನಿಯಮ ತೋರಿಸುತ್ತದೆ.

ಇಲ್ಲಿ ನಮ್ಮವರು ಮಾಡುವ ಎರಡು ತಪ್ಪು ಹೇಳಿಬಿಡುತ್ತೇನೆ. ಮೊದಲನೆಯದು, ಆ ಎರಡನೆಯ ಫೈಲನ್ನು ಕಳೆದುಕೊಳ್ಳುವುದು. ಒಪ್ಪಿಗೆಯ ಮೇಲ್ ಬಂದ ಖುಷಿಯಲ್ಲಿ ಯಾರೂ ಅದನ್ನು ಬೇರೆ ಇಡುವುದಿಲ್ಲ, ಆಮೇಲೆ ಪೆನ್‌ಡ್ರೈವಿನಲ್ಲಿ "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಅಂತ ಐದು ಫೈಲು ಇರುತ್ತದೆ, ಯಾವುದು ಸರಿ ಅಂತ ದೇವರಿಗೇ ಗೊತ್ತು. ಮೇಲ್ ಬಂದ ದಿನವೇ ಒಂದು ಫೋಲ್ಡರ್ ಮಾಡಿ, ತಾರೀಕು ಹಾಕಿ, ಫೈಲನ್ನೂ ಒಪ್ಪಿಗೆಯ ಮೇಲನ್ನೂ ಒಟ್ಟಿಗೆ ಇಡಿ. ಎರಡನೆಯದು, ಪ್ರಕಾಶಕರ ಪಿಡಿಎಫನ್ನು ಸಂಶೋಧಕರ ಜಾಲತಾಣವಾದ ರಿಸರ್ಚ್‌ಗೇಟಿಗೆ ಹಾಕಿ ಕೆಲಸ ಮುಗಿಯಿತು ಅನ್ನುವುದು. ನೀವು ಸಹಿ ಹಾಕಿದ ಹಕ್ಕು ವರ್ಗಾವಣೆಯ ಫಾರ್ಮಿಗೆ ಅದು ಹೆಚ್ಚಿನ ಸಲ ವಿರುದ್ಧ. ಆ ಫಾರ್ಮನ್ನು ಸಹಿ ಹಾಕುವ ಮೊದಲು ಓದಿ. ಜಾಗದ ಪತ್ರ ಓದದೆ ನಾವು ಸಹಿ ಹಾಕುತ್ತೇವಾ?

ಇಡುವುದು ಎಲ್ಲಿ? ನಿಮ್ಮ ಸಂಸ್ಥೆಗೆ ರೆಪಾಸಿಟರಿ ಇದ್ದರೆ ಅಲ್ಲಿ. ಕೃಷಿ ಕಡೆಯ ಥೀಸಿಸ್‌ಗಳಿಗೆ ಕೃಷಿಕೋಶ ಇದೆ. ಏನೂ ಇಲ್ಲದಿದ್ದರೆ ಝೆನೋಡೋ. ಯುರೋಪಿನ ಸರ್ನ್ ಪ್ರಯೋಗಾಲಯದವರು 2013ರಿಂದ ನಡೆಸುವ ತಾಣ, ಯಾವ ದೇಶದ ಯಾರು ಬೇಕಾದರೂ ಹಾಕಬಹುದು, ಉಚಿತ, ಹಾಕಿದ ಕೂಡಲೇ ಲೇಖನದ ಕಾಯಂ ಗುರುತಾದ ಡಿಒಐ ಸಂಖ್ಯೆ ಕೊಡುತ್ತದೆ. ಭೌತಶಾಸ್ತ್ರ, ಗಣಿತದವರಿಗೆ ಆರ್ಕೈವ್ ಇದೆ, 1991ರಿಂದ, ಅವರು ಈ ವಿಷಯದಲ್ಲಿ ನಮಗಿಂತ ಎಷ್ಟೋ ಮುಂದೆ. ಜೀವವಿಜ್ಞಾನದವರಿಗೆ ಬಯೋಆರ್ಕೈವ್. ಇಲ್ಲೆಲ್ಲ ರಿವ್ಯೂ ಆಗುವ ಮೊದಲಿನ ಪ್ರತಿಯನ್ನೇ ಹಾಕಬಹುದು, ಜರ್ನಲಿನವರು ಬಿಡುತ್ತಾರಾ ಅಂತ ಒಮ್ಮೆ ನೋಡಿಕೊಳ್ಳಿ. ಜೊತೆಗೆ ಒಂದು ಆರ್ಕಿಡ್ ಐಡಿ ಮಾಡಿಕೊಳ್ಳಿ, 16 ಅಂಕಿಯ ಸಂಖ್ಯೆ, ಐದು ನಿಮಿಷದ ಕೆಲಸ. ನಮ್ಮಲ್ಲಿ ಇನಿಶಿಯಲ್ ಮುಂದೆ ಹಿಂದೆ ಆಗಿ ಒಬ್ಬನೇ ಲೇಖಕ ಮೂರು ಜನರಾಗಿ ಕಾಣುವುದು ಮಾಮೂಲು, ಅದು ತಪ್ಪುತ್ತದೆ.

ಮೂರನೆಯ ದಾರಿ, ಶುಲ್ಕ ಕೇಳುವ ಜರ್ನಲ್. ಅದೇ ಬೇಕು ಅಂತಾದರೆ ಮೊದಲೇ ವಿನಾಯಿತಿ ಕೇಳಿ. ಬಡ ದೇಶಗಳಿಗೆ ತಾನಾಗಿ ಸಿಗುವ ಪೂರ್ತಿ ಮಾಫಿಯ ಪಟ್ಟಿಯಲ್ಲಿ ಭಾರತ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅನುದಾನ ಇಲ್ಲದ ಲೇಖಕರು ಕೇಳಿದರೆ ಕಡಿಮೆ ಮಾಡುವ ಜರ್ನಲ್‌ಗಳು ಇವೆ. ಲೇಖನ ಕಳಿಸುವಾಗಲೇ ಕೇಳಬೇಕು, ಒಪ್ಪಿಗೆಯಾದ ಮೇಲೆ ಕೇಳಿದರೆ ಕಷ್ಟ. ಕೈಯಿಂದ ಸಾಲ ಮಾಡಿ ಕೊಡಬೇಡಿ. ಸಂಬಳ ಸರಿಯಾಗಿ ಬಾರದ ಗೆಸ್ಟ್ ಲೆಕ್ಚರರ್ ಒಬ್ಬರು ಚಿನ್ನ ಅಡವಿಟ್ಟು ಶುಲ್ಕ ಕಟ್ಟಿದ್ದು ನನಗೆ ಗೊತ್ತು. ಎಪಿಸಿ ಅನ್ನುವ ಮಾತು ಬಂದಾಗಲೆಲ್ಲ ನನಗೆ ಅವರ ಬಳೆ ನೆನಪಾಗುತ್ತದೆ.

ಕಳ್ಳ ಜರ್ನಲ್

ನಾನೂ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಪಿಎಚ್‌ಡಿಯ ಮೊದಲ ವರ್ಷ. ಥೀಸಿಸ್ ಕೊಡಲು ಪ್ರಕಟಣೆ ಬೇಕೇ ಬೇಕು ಅಂತಿದ್ದ ಕಾಲ. "ಮಾನ್ಯ ಪ್ರೊಫೆಸರ್" ಅಂತ ಶುರುವಾಗುವ ಒಂದು ಮೇಲ್ ಬಂತು, ನಾನಾಗ ಪ್ರೊಫೆಸರ್ ಬಿಡಿ, ವಿದ್ಯಾರ್ಥಿ. ಕಳಿಸಿದೆ. ಎರಡೇ ದಿನದಲ್ಲಿ ಒಪ್ಪಿಗೆ ಬಂತು, ಒಂದು ಅಲ್ಪವಿರಾಮವನ್ನೂ ಯಾರೂ ತಿದ್ದಿರಲಿಲ್ಲ. 2,500 ರೂಪಾಯಿ ಕಟ್ಟಿದೆ. ಮರುವರ್ಷ ಆ ತಾಣವೇ ಇರಲಿಲ್ಲ. ದುಡ್ಡು ಹೋದದ್ದು ಇರಲಿ, ಒಳ್ಳೆಯ ಕ್ಷೇತ್ರಕಾರ್ಯದ ಒಂದು ಭಾಗ ಅಲ್ಲಿ ಹೂತುಹೋಯಿತು, ಒಮ್ಮೆ ಪ್ರಕಟವಾದದ್ದನ್ನು ಬೇರೆಡೆ ಕೊಡುವ ಹಾಗೂ ಇಲ್ಲ.

ಇದು ನಮ್ಮ ದೇಶದ ದೊಡ್ಡ ಕಾಯಿಲೆ. 2019ರಲ್ಲಿ ಅಮೆರಿಕದ ಕೋರ್ಟೊಂದು ಹೈದರಾಬಾದ್ ಮೂಲದ ಒಂದು ಪ್ರಕಾಶನ ಸಂಸ್ಥೆಗೆ 5 ಕೋಟಿ ಡಾಲರಿಗೂ ಜಾಸ್ತಿ ಕಟ್ಟುವಂತೆ ಹೇಳಿತು. ಸರಿಯಾದ ರಿವ್ಯೂ ಇಲ್ಲದಿದ್ದರೂ ಇದೆ ಅಂತ ಹೇಳಿದ್ದು, ಶುಲ್ಕವನ್ನು ಮೊದಲು ಮುಚ್ಚಿಟ್ಟದ್ದು ಎಲ್ಲ ಅದರಲ್ಲಿ ಬಂತು. ಒಳ್ಳೆಯದು ಕೆಟ್ಟದ್ದು ಬೇರೆ ಮಾಡಲು ನಮ್ಮಲ್ಲಿ ಯುಜಿಸಿ ಕೇರ್ ಪಟ್ಟಿ ಇತ್ತು, 2025ರಲ್ಲಿ ಅದನ್ನು ನಿಲ್ಲಿಸಿದರು. ಪಿಎಚ್‌ಡಿಗೆ ಪ್ರಕಟಣೆ ಕಡ್ಡಾಯ ಅನ್ನುವುದನ್ನು 2022ರ ನಿಯಮದಲ್ಲೇ ತೆಗೆದಿದ್ದರು. ಹಾಗಾಗಿ ಈಗ ಪಟ್ಟಿಯ ಆಸರೆ ಇಲ್ಲ, ಅವಸರವೂ ಮೊದಲಿನಷ್ಟು ಬೇಕಾಗಿಲ್ಲ. ನಿಧಾನಕ್ಕೆ ನೋಡಿ ಆರಿಸಲು ಇದೇ ಸಮಯ.

ನೋಡುವುದು ಹೇಗೆ ಅಂದರೆ, ಆ ಜರ್ನಲಿನ ಹಳೆಯ ಎರಡು ಸಂಚಿಕೆ ತೆಗೆದು ನಿಮ್ಮ ವಿಷಯದ ಒಂದು ಲೇಖನ ಪೂರ್ತಿ ಓದಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಓದಿದಾಗ ನಾಚಿಕೆಯಾದರೆ ಅಲ್ಲಿಗೆ ಕಳಿಸಬೇಡಿ. ಸಂಪಾದಕ ಮಂಡಳಿಯ ಒಬ್ಬರ ಹೆಸರು ಹಿಡಿದು ಅವರ ಕಾಲೇಜಿನ ಪುಟದಲ್ಲಿ ಈ ಜರ್ನಲಿನ ಉಲ್ಲೇಖ ಇದೆಯಾ ನೋಡಿ. ವಾರದೊಳಗೆ ಒಪ್ಪಿಗೆ ಅಂತ ಹೇಳಿದರೆ, ಒಂದೇ ಜರ್ನಲಿನಲ್ಲಿ ಯಕ್ಷಗಾನವೂ ಕ್ಯಾನ್ಸರೂ ಸಿಮೆಂಟೂ ಬಂದರೆ, ಶುಲ್ಕ ಎಷ್ಟು ಅಂತ ತಾಣದಲ್ಲಿ ಎಲ್ಲೂ ಬರೆಯದಿದ್ದರೆ ಬಿಟ್ಟುಬಿಡಿ. ಹೆಸರು ಕದ್ದ ಜರ್ನಲ್‌ಗಳೂ ಇವೆ, ಹಳೆಯ ಒಳ್ಳೆಯ ಜರ್ನಲಿನ ಹೆಸರು, ಅದರ ಗುರುತಿನ ಸಂಖ್ಯೆಯಾದ ಅದೇ ಐಎಸ್‌ಎಸ್‌ಎನ್, ತಾಣ ಮಾತ್ರ ನಕಲಿ. ಅದಕ್ಕೆ ಇಮೇಲಿನಲ್ಲಿ ಬಂದ ಲಿಂಕ್ ಒತ್ತದೆ ಡಿಒಎಜೆಯಿಂದಲೋ ಸಂಸ್ಥೆಯ ಪುಟದಿಂದಲೋ ಹೋಗಿ.

ಲೈಸೆನ್ಸ್ ಬಗ್ಗೆ ಸ್ವಲ್ಪ

ತೆರೆದಿಡುವಾಗ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಯಾವುದು ಅಂತ ಕೇಳುತ್ತಾರೆ. ಸಿಸಿ ಬೈ ಅಂದರೆ ಹೆಸರು ಹೇಳಿ ಯಾರು ಏನು ಬೇಕಾದರೂ ಮಾಡಬಹುದು, ಅನುವಾದ ಕೂಡ. ಎನ್‌ಸಿ ಸೇರಿದರೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಎನ್‌ಡಿ ಸೇರಿದರೆ ಬದಲಾಯಿಸಿ ಹಂಚುವ ಹಾಗಿಲ್ಲ, ಅಂದರೆ ನಿಮ್ಮನ್ನು ಕೇಳದೆ ಕನ್ನಡಕ್ಕೆ ಅನುವಾದಿಸಿ ಹಾಕುವ ಹಾಗೂ ಇಲ್ಲ. ಸುರಕ್ಷಿತ ಅಂತ ಎನ್‌ಸಿ, ಎನ್‌ಡಿ ಎರಡನ್ನೂ ಹಾಕುವವರು ಜಾಸ್ತಿ. ನಿಮ್ಮ ಸುರಂಗದ ಫೋಟೋ, ಗಿಡ್ಡ ದನದ ಫೋಟೋ ಕನ್ನಡ ವಿಕಿಪೀಡಿಯದಲ್ಲೋ ತುಳು ವಿಕಿಪೀಡಿಯದಲ್ಲೋ ಬರಬೇಕು ಅಂತಿದ್ದರೆ ಎರಡೂ ಬೇಡ, ಅವುಗಳ ಚಿತ್ರಭಂಡಾರ ಎನ್‌ಸಿ, ಎನ್‌ಡಿ ಇರುವುದನ್ನು ತೆಗೆದುಕೊಳ್ಳುವುದಿಲ್ಲ.

ಕನ್ನಡದಲ್ಲಿ ಬರೆದದ್ದಾದರೆ

ಇದು ನನಗೆ ತುಂಬ ಹತ್ತಿರದ ವಿಷಯ. ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ತುಳುನಾಡಿನ ಇತಿಹಾಸದ ಬಗ್ಗೆ ಬರೆದ ಕಾಲದಿಂದ ಇಲ್ಲಿ ಕನ್ನಡದಲ್ಲೇ ಸಂಶೋಧನೆ ಮಾಡುವ ಪದ್ಧತಿ ಇದೆ. ಆದರೆ ಇವತ್ತು ಕನ್ನಡದ ಒಂದು ಒಳ್ಳೆಯ ಲೇಖನ ಸ್ಮರಣ ಸಂಚಿಕೆಯಲ್ಲಿ ಬಂದರೆ ಮುನ್ನೂರು ಪ್ರತಿ ಅಚ್ಚಾಗಿ ಕಪಾಟು ಸೇರುತ್ತದೆ. ಸಂಪಾದಕರನ್ನು ಕೇಳಿ ಅದನ್ನು ಝೆನೋಡೋದಲ್ಲಿ ಹಾಕಿ, ಕನ್ನಡ ಲೇಖನಕ್ಕೂ ಡಿಒಐ ಸಿಗುತ್ತದೆ. ಹೆಸರು ಮತ್ತು ಸಾರಾಂಶ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ನಮ್ಮ ಜಿಲ್ಲೆಗಾದರೆ ಮಲಯಾಳದಲ್ಲಿ ನಾಲ್ಕು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು, ಕೆಲಸ ಮಾಡುವ ಕಚೇರಿಗಳೆಲ್ಲ ಆ ಭಾಷೆಯಲ್ಲಿ ಇವೆ.

ಅದಕ್ಕಿಂತ ಮುಖ್ಯ ಅಕ್ಷರ. ಹಳೆಯ ನುಡಿ, ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ, ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಒಂದು ಪರೀಕ್ಷೆ ಮಾಡಿ. ಪಿಡಿಎಫಿನ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಪ್ಪಿನಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದರೆ ಸರಿ, ಚಿತ್ರವಿಚಿತ್ರ ಅಕ್ಷರ ಬಂದರೆ ಅದನ್ನು ಯಾವ ಹುಡುಕುತಾಣವೂ ಹುಡುಕಿ ಕೊಡುವುದಿಲ್ಲ. ಶೋಧಗಂಗಾದಲ್ಲಿ ಯುಜಿಸಿ ನಿಯಮದಂತೆ ಲಕ್ಷಗಟ್ಟಲೆ ಥೀಸಿಸ್ ತೆರೆದಿವೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಆ ತಾಣ ನಿಜಕ್ಕೂ ದೊಡ್ಡ ಕೆಲಸ. ಆದರೆ ಅದರ ಒಳಗಿನ ಎಷ್ಟೋ ಕನ್ನಡ ಥೀಸಿಸ್‌ಗಳಲ್ಲಿ "ಪಾಡ್ದನ" ಅಂತ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ, ಇದೇ ಕಾರಣಕ್ಕೆ. ಬೀಗ ಇಲ್ಲ, ಆದರೂ ಬಾಗಿಲು ತೆರೆಯುವುದಿಲ್ಲ. ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಯೂನಿಕೋಡಿಗೆ ಬದಲಾಯಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ, ಒತ್ತಕ್ಷರ ಮತ್ತು ಅರ್ಕಾವತ್ತು ಮಾತ್ರ ಆಮೇಲೆ ಕೂತು ನೋಡಬೇಕು. ನನ್ನ 240 ಪುಟಕ್ಕೆ ಒಂಬತ್ತು ದಿನ ಹಿಡಿಯಿತು.

ತೆರೆದಿಡಬಾರದ್ದೂ ಇದೆ

ಲೇಖನ ತೆರೆದಿರಲಿ ಅಂದರೆ ಕ್ಷೇತ್ರಕಾರ್ಯದ ನೋಟ್‌ಬುಕ್ ಎಲ್ಲವೂ ತೆರೆದಿರಲಿ ಅಂತ ಅರ್ಥ ಅಲ್ಲ. ಯಾವುದೋ ದೈವದ ನುಡಿಯನ್ನು ಹೊರಗಿನವರ ಎದುರು ಹೇಳುವ ಕ್ರಮ ಇಲ್ಲ ಅಂತ ದೈವ ಕಟ್ಟುವವರು ಹೇಳಿದರೆ ಆ ರೆಕಾರ್ಡಿಂಗ್ ನಿಮ್ಮ ಹತ್ತಿರವೇ ಇರಲಿ. ಅಪರೂಪದ ಔಷಧಿ ಗಿಡ ಇರುವ ಪಾದೆಯ ಜಿಪಿಎಸ್ ಗುರುತು ಹಾಕಬೇಡಿ, ಮರುವಾರ ಯಾರೋ ಬುಡಸಮೇತ ಕಿತ್ತುಕೊಂಡು ಹೋಗುತ್ತಾರೆ. ಕಾಯಿಲೆಯವರ ವಿಷಯ ಇದ್ದರೆ ಹೆಸರು ತೆಗೆದರೆ ಸಾಲದು, ಇಪ್ಪತ್ತು ಮನೆಯ ಊರಿನಲ್ಲಿ "ಹದಿನಾಲ್ಕು ವರ್ಷದ ಹುಡುಗಿ" ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತು. ಮಾತಾಡಿಸುವಾಗಲೇ, ಇದು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಕಾಣುತ್ತದೆ, ಆಗಬಹುದಾ ಅಂತ ಅವರ ಭಾಷೆಯಲ್ಲೇ ಕೇಳಿ.

ಹಳೆಯ ಲೇಖನಗಳಿಗೆ ಏನು ಮಾಡುವುದು?

ಈಗಲೂ ಮಾಡಬಹುದು. ಸಂಪಾದಕರಿಗೆ ನಾನು ಬರೆದ ಮೇಲ್ ಇಷ್ಟೇ: "ನಮಸ್ಕಾರ. ನಿಮ್ಮ ಜರ್ನಲಿನಲ್ಲಿ ಪ್ರಕಟವಾದ ನನ್ನ ಈ ಲೇಖನದ ಒಪ್ಪಿಗೆಯಾದ ಪ್ರತಿಯನ್ನು, ನಿಮ್ಮ ಜರ್ನಲಿನ ಹೆಸರು ಮತ್ತು ಡಿಒಐ ಜೊತೆಗೆ, ಒಂದು ಸಾರ್ವಜನಿಕ ರೆಪಾಸಿಟರಿಯಲ್ಲಿ ಇಡಲು ಬಯಸುತ್ತೇನೆ. ಮಾಹಿತಿ ಕೊಟ್ಟ ಊರಿನವರಿಗೆ ಇದನ್ನು ಓದಲು ಬೇರೆ ದಾರಿ ಇಲ್ಲ. ನಿಮ್ಮ ನಿಯಮ ತಿಳಿಸಿ." ಆರನೆಯ ದಿನ ಉತ್ತರ ಬಂತು. ಪ್ರಕಟವಾಗಿ ಹನ್ನೆರಡು ತಿಂಗಳು ಕಳೆದಿದೆ, ಇಡಬಹುದು ಅಂತ.

ಅದೇ ರಾತ್ರಿ ಹಾಕಿ ಲಿಂಕನ್ನು ಮೊಮ್ಮಗನಿಗೆ ಕಳಿಸಿದೆ. ಎರಡು ದಿನ ಸುದ್ದಿ ಇಲ್ಲ. ಮೂರನೆಯ ದಿನ ಒಂದು ಉದ್ದದ ವಾಯ್ಸ್ ಮೆಸೇಜ್. ಅವನು ಒಂದೊಂದು ಪುಟವನ್ನೂ ಕನ್ನಡದಲ್ಲಿ ಹೇಳಿ ಅಜ್ಜನಿಗೆ ಕೇಳಿಸಿದ್ದ. ಹಿಂದಿನಿಂದ ಅಜ್ಜನ ಸ್ವರ ಕೇಳುತ್ತಿತ್ತು. "ಮಾಷ್ಟ್ರೇ, ಎರಡನೇ ನಕ್ಷೆಯಲ್ಲಿ ಗಾಳಿಗುಂಡಿ ಎಡಕ್ಕೆ ಹಾಕಿದ್ದೀರಿ, ಅದು ಬಲಕ್ಕೆ ಇರುವುದಂತೆ. ಸುರಂಗ ಅಲ್ಲಿ ತಿರುಗಿದ್ದೇ ಒಂದು ಬಂಡೆ ಅಡ್ಡ ಬಂದದ್ದಕ್ಕೆ ಅಂತ ಅಜ್ಜ ಹೇಳ್ತಿದ್ದಾರೆ." ಇಬ್ಬರು ರಿವ್ಯೂ ಮಾಡಿದವರು, ಒಬ್ಬ ಸಂಪಾದಕರು, ಯಾರಿಗೂ ಅದು ಸಿಕ್ಕಿರಲಿಲ್ಲ. ಮರುದಿನ ಹೋಗಿ ನೋಡಿದೆ, ಬಲಕ್ಕೇ ಇತ್ತು. ನಕ್ಷೆ ಸರಿಮಾಡಿ, ತಿದ್ದುಪಡಿಯ ಟಿಪ್ಪಣಿಯಲ್ಲಿ ಅವರ ಒಪ್ಪಿಗೆ ಪಡೆದು ಅವರ ಹೆಸರು ಹಾಕಿ, ಝೆನೋಡೋದಲ್ಲಿ ಎರಡನೆಯ ಆವೃತ್ತಿ ಅಂತ ಏರಿಸಿದೆ. ಸಂಪಾದಕರಿಗೂ ಒಂದು ಮೇಲ್ ಕಳಿಸಿದ್ದೇನೆ.